ಬೇಸಿಗೆ ರಜೆಯಲ್ಲಿ ಪ್ರೋಗ್ರಾಮಿಂಗ್: ಮಹಾವೀರಾಚಾರ್ಯರ ಲೆಕ್ಕದಿಂದ ಆರಂಭ

ಏಪ್ರಿಲ್, ಮೇ ತಿಂಗಳಲ್ಲಿ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಭಾಗದಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಮಕ್ಕಳು ಮನೆಯೊಳಗೇ ಇರುವ ಈ ದಿನಗಳು ಪ್ರೋಗ್ರಾಮಿಂಗ್ ಕಲಿಯಲು ಅನುಕೂಲ.

ಪ್ರೋಗ್ರಾಮಿಂಗ್ ಎಂದರೆ ಒಂದು ಕೆಲಸವನ್ನು ಹಂತ ಹಂತವಾಗಿ ಬರೆದು ಕಂಪ್ಯೂಟರ್‌ನಿಂದ ಮಾಡಿಸುವುದು. ಹಂತಗಳಲ್ಲಿ ಲೆಕ್ಕ ಹೇಳುವ ಕ್ರಮ ಈ ನಾಡಿಗೆ ಹೊಸದಲ್ಲ. ಸೇಡಂ ತಾಲ್ಲೂಕಿನ ಮಳಖೇಡ ರಾಷ್ಟ್ರಕೂಟರ ರಾಜಧಾನಿಯಾಗಿತ್ತು. ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು ಕ್ರಿ.ಶ. 850ರಲ್ಲಿ, ಜೈನ ಗಣಿತಜ್ಞ ಮಹಾವೀರಾಚಾರ್ಯರು 'ಗಣಿತಸಾರಸಂಗ್ರಹ' ರಚಿಸಿದರು. ಸಿಹಿ, ಹುಳಿ, ಉಪ್ಪು, ಖಾರ, ಕಹಿ, ಒಗರು ಈ ಆರು ರಸಗಳನ್ನು ಎಷ್ಟು ಬಗೆಯಲ್ಲಿ ಬೆರೆಸಬಹುದು ಎಂಬ ಲೆಕ್ಕ ಅದರಲ್ಲಿದೆ. ಎರಡೆರಡಾಗಿ ಬೆರೆಸಲು 6ನ್ನು 5ರಿಂದ ಗುಣಿಸಿ 2ರಿಂದ ಭಾಗಿಸಬೇಕು, ಉತ್ತರ 15. ಒಂದೊಂದಾಗಿ, ಎರಡೆರಡಾಗಿ, ಹೀಗೆ ಆರರವರೆಗೆ ಎಲ್ಲವನ್ನೂ ಕೂಡಿದರೆ 63.

ಇದನ್ನು ಮಕ್ಕಳು ಮೊದಲು ಕಾಗದದ ಮೇಲೆ ಮಾಡಲಿ. ನಂತರ ಉಚಿತವಾಗಿ ಸಿಗುವ ಪೈಥಾನ್ ಭಾಷೆಯಲ್ಲಿ ಬರೆಯಲಿ. 63 ಬರದಿದ್ದರೆ ತಪ್ಪನ್ನು ತಾವೇ ಹುಡುಕಲಿ. ಹಿರಿಯರು ಅವಸರದಿಂದ ಹೇಳಿಕೊಡಬಾರದು. ವಿಡಿಯೋ ನೋಡಿದ ಮಾತ್ರಕ್ಕೆ ವಿದ್ಯೆ ಬರುವುದಿಲ್ಲ, ತಪ್ಪು ತಿದ್ದಿದಾಗ ಬರುತ್ತದೆ.

ಮೊದಲೇ ಸಾವಿರಾರು ರೂಪಾಯಿ ಕೋರ್ಸಿಗೆ ಕಟ್ಟಬೇಕಿಲ್ಲ. ದಿನಕ್ಕೆ ಒಂದು ಗಂಟೆ, ಒಂದು ಸಣ್ಣ ಲೆಕ್ಕ ಸಾಕು. ಬಡ್ಡಿ, ತೂಕ, ಅಂಗಡಿಯ ಬಿಲ್ಲು ಮುಂದಿನ ಪಾಠಗಳಾಗಲಿ. ಶಾಲೆ ತೆರೆಯುವ ಹೊತ್ತಿಗೆ ಮನೆಯ ಲೆಕ್ಕವೊಂದನ್ನು ಮಕ್ಕಳೇ ಕಂಪ್ಯೂಟರ್‌ನಲ್ಲಿ ಮಾಡಿ ತೋರಿಸಿದರೆ ರಜೆ ಸಾರ್ಥಕ.