ಕುರಿಗೆ ಬೇಲಿ, ಪತಂಗಕ್ಕೆ ಬದುಕು

ಜತ್ತ: ಕುರಿ ಒಂದೇ ಕಡೆ ಮೇಯ್ದರೆ ನೆಲದ ಗತಿ ಏನಾಗುತ್ತದೆ ಎಂಬುದನ್ನು ತಾಲೂಕಿನ ಮಾಡಗ್ಯಾಳ ಕುರಿಗಳನ್ನು ಸಾಕುವವರಿಗೆ ಬೇರೆ ಹೇಳಬೇಕಾಗಿಲ್ಲ. ದೂರದ ಸ್ಕಾಟ್‌ಲೆಂಡಿನ ಕಡಲ ದಂಡೆಯಲ್ಲಿ ಇದೇ ಕಾರಣಕ್ಕೆ ಪತಂಗವೊಂದು ಅಳಿವಿನ ಅಂಚು ಮುಟ್ಟಿ ಬಂದಿದೆ.

ಅದರ ಹೆಸರು ನ್ಯೂ ಫಾರೆಸ್ಟ್ ಬರ್ನೆಟ್. ಕಪ್ಪು ರೆಕ್ಕೆ, ಮೇಲೆ ಕೆಂಪು ಚುಕ್ಕೆ, ಹಾರುವುದು ಹಗಲಲ್ಲಿ. ಹೆಸರು ಕೊಟ್ಟ ಇಂಗ್ಲೆಂಡಿನ ಕಾಡಿನಿಂದ 1927ರಲ್ಲೇ ಅದು ಕಣ್ಮರೆಯಾಗಿತ್ತು. ಬ್ರಿಟನ್ನಿನಲ್ಲಿ ಇನ್ನು ಇಲ್ಲವೆಂದುಕೊಂಡಿದ್ದಾಗ, 1963ರಲ್ಲಿ ಸ್ಕಾಟ್‌ಲೆಂಡಿನ ಪಶ್ಚಿಮ ಕರಾವಳಿಯ ಆರ್ಗೈಲ್ ಪ್ರದೇಶದಲ್ಲಿ ಮತ್ತೆ ಸಿಕ್ಕಿತು. ಕಡೆಗೆ ಅಲ್ಲಿಯೂ ಕಡಲಿಗೆ ಇಳಿಯುವ ಕಡಿದಾದ ಒಂದೇ ಒಂದು ಇಳಿಜಾರು ಅದರ ಪಾಲಿಗೆ ಉಳಿಯಿತು. ಬೆಂಕಿ ಬಿದ್ದರೆ, ಮಣ್ಣು ಕುಸಿದರೆ ಅಲ್ಲಿಗೆ ಮುಗಿಯಿತು.

ಇದರ ಹುಳು ತಿನ್ನುವುದು ಬಟಾಣಿ ಜಾತಿಯ ಕಾಡು ಬಳ್ಳಿಗಳನ್ನು. ಕುರಿಗಳಿಗೂ ಅವೇ ಇಷ್ಟ! ಬಳ್ಳಿ, ಹೂ ಎರಡೂ ಬುಡದವರೆಗೆ ಹೋದವು. 1990ರಲ್ಲಿ ಉಳಿದ ಪತಂಗಗಳು ಸುಮಾರು 20. ಆಮೇಲೆ ಕುರಿ ಬರದಂತೆ ಬೇಲಿ ಹಾಕಲಾಯಿತು. ಬಳ್ಳಿ ಚಿಗುರಿತು, ಮುಂದಿನ ವರ್ಷಗಳಲ್ಲಿ ಪತಂಗಗಳ ಸಂಖ್ಯೆ ಸಾವಿರಗಳಿಗೆ ಏರಿತು.

ಹಾಗೆಂದು ಎಲ್ಲ ಕಡೆ ಬೇಲಿ ಹಾಕಿದರಾಯಿತು ಎನ್ನುವಂತಿಲ್ಲ. ಬ್ರಿಟನ್ನಿನ 'ಲಾರ್ಜ್ ಬ್ಲೂ' ಚಿಟ್ಟೆ 1979ರಲ್ಲಿ ಅಳಿದದ್ದು ಮೇಯಿಸುವುದು ಕಡಿಮೆಯಾಗಿದ್ದರಿಂದ. ಹುಲ್ಲು ಎತ್ತರಕ್ಕೆ ಬೆಳೆದು ನೆಲ ತಂಪಾಯಿತು, ಬಿಸಿಲು ಬೇಕಾದ ಇರುವೆಗಳು ಇಲ್ಲವಾದವು, ಆ ಇರುವೆಗಳ ಗೂಡಿನಲ್ಲೇ ಬೆಳೆಯುವ ಚಿಟ್ಟೆಯೂ ಹೋಯಿತು. ಅದನ್ನು 1983ರಿಂದ ಸ್ವೀಡನ್ನಿನಿಂದ ತಂದು ಬಿಡಲಾಯಿತು; ಅಲ್ಲಿ ಈಗ ದನ, ಕುದುರೆಗಳನ್ನು ಬೇಕೆಂದೇ ಮೇಯಿಸುತ್ತಾರೆ.