ದೂರ ಎಷ್ಟು, ಹೊತ್ತು ಎಷ್ಟು?

ಮಗಳು ಕ್ಯಾಲಿಫೋರ್ನಿಯಾದಲ್ಲಿದ್ದಾಳೆ ಎಂದ ಕೂಡಲೇ ಹೊಸನಗರದ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕವರು ಕೇಳುತ್ತಾರೆ: “ಎಷ್ಟು ದೂರ ಆಗ್ತದೆ ಮೇಷ್ಟ್ರೇ? ಎಷ್ಟು ಹೊತ್ತು ಬೇಕು?” ಹೈಸ್ಕೂಲಿನಲ್ಲಿ ವರ್ಷಗಟ್ಟಲೆ ಭೂಗೋಳ ಕಲಿಸಿದ ನನಗೆ ಇವು ಬೇರೆ ಬೇರೆ ಪ್ರಶ್ನೆಗಳು. ಹಿನ್ನೀರಿನ ಸೀಮೆಯವರಿಗೆ ಇದನ್ನು ತಿಳಿಸಿ ಹೇಳುವುದು ಕಷ್ಟವೂ ಅಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದ ಮೇಲೆ ಕಣ್ಣೆದುರಿನ ಆಚೆ ದಡಕ್ಕೂ ಲಾಂಚ್ ಕಾಯುವುದು ರೂಢಿಯಾಯಿತು. 2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆಯುವ ತನಕ ಸಿಗಂದೂರಿನ ದಾರಿಯೂ ಹಾಗೇ ಇತ್ತು.

ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ನೇರ ದಾರಿ ಸುಮಾರು 13,990 ಕಿ.ಮೀ. ನೇರ ಎಂದರೆ ಗೋಡೆಯ ನಕಾಶೆಯ ಮೇಲೆ ಸ್ಕೇಲ್ ಇಟ್ಟು ಎಳೆದ ಗೆರೆಯಲ್ಲ. ಕ್ಲಾಸಿನಲ್ಲಿ ನಾನು ಮಕ್ಕಳ ಕೈಗೆ ಗ್ಲೋಬು ಮತ್ತು ಹೂ ಕಟ್ಟುವ ದಾರ ಕೊಡುತ್ತಿದ್ದೆ. ಒಂದು ತುದಿಯನ್ನು ಬೆಂಗಳೂರಿನ ಮೇಲೆ ಹೆಬ್ಬೆರಳಿನಿಂದ ಒತ್ತಿ, ಇನ್ನೊಂದನ್ನು ಸ್ಯಾನ್ ಫ್ರಾನ್ಸಿಸ್ಕೋಗೆ ತಂದು ಬಿಗಿದರೆ ದಾರ ತಾನಾಗಿ ಉತ್ತರಕ್ಕೆ ಜಾರುತ್ತದೆ. ಟಿಬೆಟ್, ಮಂಗೋಲಿಯಾ, ಸೈಬೀರಿಯಾ ಹಾದು ಅಲಾಸ್ಕಾದ ಮೇಲಿಂದ ಇಳಿಯುತ್ತದೆ. ವಿಮಾನ ಆ ದಾರದ ಗುಂಟವೇ ಹೋಗುವುದಿಲ್ಲ ಅನ್ನಿ. ಒಳಗಿನ ಗಾಳಿಯ ಒತ್ತಡ ಕುಸಿದರೆ ಪೈಲಟ್ ಸುಮಾರು 10,000 ಅಡಿಗೆ ಇಳಿಸಬೇಕು. ಟಿಬೆಟ್ಟಿನ ನೆಲವೇ ಅದಕ್ಕಿಂತ ಎತ್ತರ. ಹಾಗಾಗಿ ಸಾಮಾನ್ಯವಾಗಿ ಅದನ್ನು ಬಳಸಿಕೊಂಡು ಹೋಗುತ್ತಾರೆ.

ಗಂಟೆಗೆ 900 ಕಿ.ಮೀ. ವೇಗ ಹಿಡಿದರೆ ಹದಿನೈದೂವರೆ ಗಂಟೆ ಆಗಬೇಕು. ಆದರೆ ಹತ್ತು ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ರಭಸದಿಂದ ಬೀಸುವ ಗಾಳಿಯುಂಟು, ಜೆಟ್ ಪ್ರವಾಹ ಎನ್ನುತ್ತಾರೆ. ಕೆಲವೊಮ್ಮೆ ಅದರ ವೇಗ ಗಂಟೆಗೆ 200 ಕಿ.ಮೀ. ದಾಟುತ್ತದೆ. 2016ರ ಅಕ್ಟೋಬರ್‌ನಲ್ಲಿ ಏರ್ ಇಂಡಿಯಾ ತನ್ನ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೋ ವಿಮಾನವನ್ನು ಅಟ್ಲಾಂಟಿಕ್ ಬಿಟ್ಟು ಪೆಸಿಫಿಕ್ ಮೇಲೆ ಹಾರಿಸಿತು. ದಾರಿ ಸುಮಾರು 1,400 ಕಿ.ಮೀ. ಹೆಚ್ಚಿ 15,300 ಆಯಿತು. ಗಾಳಿ ಬೆನ್ನಿಗಿದ್ದ ಕಾರಣ ಹದಿನಾಲ್ಕೂವರೆ ಗಂಟೆಯಲ್ಲೇ, ಹಳೆಯ ದಾರಿಗಿಂತ ಬೇಗ, ತಲುಪಿತು! ಇಷ್ಟು ಒಳ್ಳೆಯ ಉದಾಹರಣೆ ನನಗೆ ಯಾವ ಪಠ್ಯಪುಸ್ತಕದಲ್ಲೂ ಸಿಕ್ಕಿರಲಿಲ್ಲ.

ಗಡಿಯಾರದ ಸಂಗತಿ ಇನ್ನೂ ಸೊಗಸು. ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಏರ್ ಇಂಡಿಯಾದ ಮೊದಲ ನೇರ ವಿಮಾನ ಹೊರಟದ್ದು 2021ರ ಜನವರಿ 9, ಶನಿವಾರ ರಾತ್ರಿ. ಕ್ಯಾಪ್ಟನ್ ಜೋಯಾ ಅಗರ್‌ವಾಲ್ ನೇತೃತ್ವದಲ್ಲಿ ಮಹಿಳಾ ಪೈಲಟ್‌ಗಳೇ ಅದನ್ನು ಉತ್ತರ ಧ್ರುವದ ದಾರಿಯಲ್ಲಿ ತಂದರು. ಹಾರಿದ್ದು ಸುಮಾರು 17 ಗಂಟೆ, ಇಳಿದದ್ದು ಸೋಮವಾರ ನಸುಕಿನಲ್ಲಿ. ನಡುವಿನ ಭಾನುವಾರ? ಚಳಿಗಾಲದಲ್ಲಿ ಅಲ್ಲಿಯ ಗಡಿಯಾರ ನಮ್ಮದಕ್ಕಿಂತ ಹದಿಮೂರೂವರೆ ಗಂಟೆ ಹಿಂದೆ. ಅವರು ಹೊರಡುವಾಗಲೇ ನಮ್ಮಲ್ಲಿ ಭಾನುವಾರ ಬೆಳಗಾಗಿತ್ತು.

ಇನ್ನು ನಮ್ಮೂರಿಂದ ಬೆಂಗಳೂರು. 2023ರ ಆಗಸ್ಟ್ 31ರಿಂದ ಶಿವಮೊಗ್ಗದ ಸೋಗಾನೆಯಿಂದ ವಿಮಾನ ಹಾರತೊಡಗಿತು, ಸಂತೋಷ. ಆದರೂ ಮಳೆಗಾಲದಲ್ಲಿ ಅದೇ ದಿನ ಎರಡು ವಿಮಾನ ಹಿಡಿಯುವ ಸಾಹಸ ವಯಸ್ಸಾದವರಿಗೆ ಬೇಡ. ಒಂದು ದಿನ ಮುಂಚೆ ರಾತ್ರಿ ಬಸ್ಸಿಗೆ ಹೊರಟು ಬೆಂಗಳೂರು ಸೇರಿಕೊಳ್ಳಿ.

ಟಿಕೆಟ್ಟಿನಲ್ಲಿ ಇರುವುದು ಆಯಾ ಊರಿನ ಸಮಯ. ಚಳಿಗಾಲದಲ್ಲಿ ಬೆಂಗಳೂರಿಂದ ಮಧ್ಯಾಹ್ನ 2ಕ್ಕೆ ಹೊರಟು 16 ಗಂಟೆ ಹಾರಿದವರು ಅಲ್ಲಿ ಅದೇ ದಿನ ಸಂಜೆ 4.30ಕ್ಕೆ ಇಳಿಯುತ್ತಾರೆ. ಸಕ್ಕರೆ ಕಾಯಿಲೆ, ಬಿ.ಪಿ. ಇರುವವರು ಊಟ, ಮಾತ್ರೆಯ ಹೊತ್ತನ್ನು ಹೊರಡುವ ಮೊದಲೇ ಡಾಕ್ಟರ ಹತ್ತಿರ ಕೇಳಿ ಬರೆಸಿಕೊಳ್ಳಬೇಕು. ಮಾತ್ರೆ ಕೈಚೀಲದಲ್ಲೇ ಇರಲಿ. ಮಿಡಿ ಉಪ್ಪಿನಕಾಯಿ ದೊಡ್ಡ ಸೂಟ್‌ಕೇಸಿಗೆ.