ತಿರುಗುವ ಪೀಠ, ನಿಲ್ಲುವ ಶ್ರುತಿ

ಹಸ್ತಪ್ರತಿಗಳನ್ನು ಓದಿ ಅಭ್ಯಾಸವುಳ್ಳವರಿಗೆ ಲಿಪಿಕಾರನ ಕಷ್ಟ ಗೊತ್ತು. ಓಲೆಯ ಮೇಲೆ ಒಮ್ಮೆ ಕಬ್ಬಿಣದ ಮೊನೆಯಿಂದ ಕೊರೆದ ಅಕ್ಷರವನ್ನು ಅಳಿಸುವಂತಿಲ್ಲ. ಅವನ ಕೈ ಒಂದೆಡೆ ತಪ್ಪಿದರೆ ಆ ತಪ್ಪು ಆ ಪ್ರತಿಯಿಂದ ಹುಟ್ಟಿದ ಪ್ರತಿಗಳಿಗೆಲ್ಲ ವಂಶಪಾರಂಪರ್ಯವಾಗಿ ಇಳಿದುಬರುತ್ತದೆ. ಗ್ರಂಥಸಂಪಾದನೆಯ ಪಾಠ ಹೇಳುವಾಗ ಈ ಮಾತನ್ನು ಎಷ್ಟು ಸಲ ಆಡಿದ್ದೇನೆಯೋ ಲೆಕ್ಕವಿಲ್ಲ. ಆದರೆ ಅದರ ನೋವು ನನ್ನ ಮನೆಯ ಬಾಗಿಲಿಗೆ ಬಂದದ್ದು ಓಲೆಯ ಮೂಲಕವಲ್ಲ, ಒಂದು ಗ್ರಾಮಫೋನ್ ತಟ್ಟೆಯ ಮೂಲಕ.

ನನ್ನ ತಾಯಿ ಮಕ್ಕಳಿಗೆ ಸಂಗೀತ ಹೇಳಿಕೊಡುತ್ತಿದ್ದರು. ೧೯೮೮ರಲ್ಲಿ ನಮ್ಮ ನಡುಮನೆಯಲ್ಲಿ ತಂಬೂರಿ ಮೀಟುತ್ತ ಅವರು ಹಾಡಿದ ಮೂರು ದೇವರನಾಮಗಳು ಒಂದು ಕ್ಯಾಸೆಟ್ಟಿನಲ್ಲಿ ಉಳಿದಿವೆ. ಅವರು ತೀರಿಕೊಂಡ ಮೇಲೆ ಅವರ ದನಿಯೆಂದು ನಮಗೆ ಉಳಿದದ್ದು ಅಷ್ಟೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಅಮೆರಿಕದಲ್ಲಿ ಎಂಜಿನಿಯರಾಗಿದ್ದಾನೆ. ೧೯೪೦ರ ದಶಕದ ಧ್ವನಿಮುದ್ರಿಕೆ ಕೊರೆಯುವ ಲೇತೊಂದನ್ನು ಕೊಂಡು ದುರಸ್ತಿ ಮಾಡುವುದು ಅವನಿಗೊಂದು ಹುಚ್ಚು. ಕ್ಯಾಸೆಟ್ಟಿನ ಪ್ರತಿ ಕಳಿಸಿ, ಅಮ್ಮನ ಹಾಡು ಒಂದು ತಟ್ಟೆಯ ಮೇಲೆ ಬರುವಂತೆ ಮಾಡೆಂದು ಕೇಳಿಕೊಂಡೆ.

ತಟ್ಟೆ ಬಂತು. ಸಂಜೆ ದೀಪ ಹಚ್ಚಿದ ಮೇಲೆ ಮನೆಯವರೆಲ್ಲ ಕುಳಿತು ಕೇಳಿದೆವು. ತಂಬೂರಿಯ ನಾದ ನೀರಿನ ಮೇಲಿನ ನೆರಳಿನಂತೆ ತೂಗಾಡಿತು. ಅಮ್ಮ ತಾರಸ್ಥಾಯಿಯಲ್ಲಿ ದನಿ ತುಂಬಿ ಹಾಡಿದಲ್ಲೆಲ್ಲ ಶ್ರುತಿ ಕೂದಲೆಳೆಯಷ್ಟು ಮೇಲಕ್ಕೆ ಜಾರಿತು. ಶಿಷ್ಯರ ಶ್ರುತಿ ಎಳ್ಳಷ್ಟು ಸರಿದರೂ ಪಾಠ ನಿಲ್ಲಿಸುತ್ತಿದ್ದ ಹೆಂಗಸು ಅವರು. ನಮ್ಮ ಮನೆಯ ಕಿರಿಯಳೊಬ್ಬಳು, “ಅಜ್ಜಿ ಸ್ವಲ್ಪ ಅಪಶ್ರುತಿ ಅಲ್ಲವೆ?” ಎಂದಳು. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ಇಂಥ ಯಂತ್ರದ ಕೆಲಸ ಹೇಳುವುದಕ್ಕೆ ಸುಲಭ. ಭಾರವಾದ ಪೀಠವೊಂದು ಒಂದೇ ವೇಗದಲ್ಲಿ ತಿರುಗುತ್ತದೆ. ಅದರ ಮೇಲೆ ಲ್ಯಾಕರ್ ಲೇಪವಿರುವ ಅಲ್ಯೂಮಿನಿಯಂ ತಟ್ಟೆ, ತಟ್ಟೆಯ ಮೇಲೆ ನಾದಕ್ಕೆ ತಕ್ಕಂತೆ ಅಲುಗುತ್ತ ಗೆರೆ ಕೊರೆಯುವ ಮೊನೆ. ಹಾಡು ಕೇಳಿಸುವ ಯಂತ್ರದ ಮುಳ್ಳು ಗೆರೆಯ ಮೇಲೆ ಸವರಿಕೊಂಡು ಹೋಗುತ್ತದೆ. ಈ ಮೊನೆಯಾದರೋ ಉಳುವ ನೇಗಿಲು. ನೇಗಿಲಿಗೆ ಎತ್ತಿನ ಬಲ ಬೇಕಾದಂತೆ ಇದಕ್ಕೆ ಬಲವಾದ ಮೋಟಾರು ಬೇಕು. ಕೇಳಿಸುವ ಯಂತ್ರದ ದೋಷವನ್ನು ನಾಳೆ ತಿದ್ದಬಹುದು. ಕೊರೆಯುವ ಯಂತ್ರದ ದೋಷ ತಟ್ಟೆಯಲ್ಲೇ ನಿಂತುಬಿಡುತ್ತದೆ.

ಇನ್ನೊಂದು ವಿಚಿತ್ರವಿದೆ. ಕೊರೆಯುವಾಗ ಪೀಠ ನಿಧಾನಿಸಿದರೆ, ಸಮವೇಗದಲ್ಲಿ ಕೇಳಿಸುವಾಗ ಶ್ರುತಿ ಏರುತ್ತದೆ. ಯಂತ್ರ ದಣಿದರೆ ಗಾಯಕಿ ಅವಸರಪಟ್ಟಂತೆ ಕೇಳುತ್ತದೆ. ಅಮ್ಮನ ಮೇಲೆ ಬಂದ ಅಪವಾದ ಇಂಥದು.

ಈ ತೊಡಕು ಹಳೆಯದು. ವಿದ್ಯುತ್ತಿನ ಧ್ವನಿಗ್ರಹಣ ೧೯೨೫ರಲ್ಲಿ ಬಂದ ಮೇಲೂ ಲಂಡನ್ನಿನ ಧ್ವನಿಗ್ರಹಣ ಶಾಲೆಗಳಲ್ಲಿ ಪೀಠವನ್ನು ತಿರುಗಿಸುತ್ತಿದ್ದುದು ಮೇಲೆತ್ತಿ ಬಿಟ್ಟ ಒಂದು ತೂಕ. ಹಗ್ಗಕ್ಕೆ ಕಟ್ಟಿದ ಭಾರ ನಿಯಂತ್ರಕದ ಅಂಕೆಯಲ್ಲಿ ಮೆಲ್ಲನೆ ಇಳಿಯುತ್ತಿತ್ತು. ಅಂದಿನ ಮೋಟಾರುಗಳು ನಡುಗುತ್ತಿದ್ದವು. ಭೂಮಿಯ ಸೆಳೆತ ನಡುಗುತ್ತಿರಲಿಲ್ಲ. ಆದರೆ ನಿಯಂತ್ರಕದ ತಿರುಪನ್ನು ಹೇಗೆ ಹೊಂದಿಸಿದರೆ ಹಾಗೆ ವೇಗ. ಆ ಕಾಲದ ತಟ್ಟೆಗಳು ನಿಮಿಷಕ್ಕೆ ೭೦ ಸುತ್ತಿನಿಂದ ೮೦ಕ್ಕೂ ಮೀರಿ ನಾನಾ ವೇಗಗಳಲ್ಲಿವೆ. ೭೦ರಲ್ಲಿ ಕೊರೆದದ್ದನ್ನು ೭೮ರಲ್ಲಿ ಕೇಳಿದರೆ ಶ್ರುತಿ ಹೆಚ್ಚುಕಡಿಮೆ ಎರಡು ಸ್ವರಸ್ಥಾನ ಏರಿಬಿಡುತ್ತದೆ. ೧೯೦೨ರಲ್ಲಿ ಕಲಕತ್ತೆಯಲ್ಲಿ ಫ್ರೆಡ್ ಗೈಸ್‌ಬರ್ಗನ ಯಂತ್ರದ ಮುಂದೆ ಹಾಡಿದ ಗೌಹರ್ ಜಾನ್, ನಮ್ಮ ಮೈಸೂರಿನ ಆಸ್ಥಾನಕ್ಕೆ ಬಂದು ೧೯೩೦ರಲ್ಲಿ ಇಲ್ಲೇ ಕಣ್ಮುಚ್ಚಿದರು. ಆಕೆಯ ತಟ್ಟೆಗಳನ್ನು ಇಂದು ಕೇಳುವವರು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ: ಇದು ಆಕೆಯ ಶ್ರುತಿಯೋ, ಯಂತ್ರದ್ದೋ?

ವಿದ್ಯುತ್ ಜಾಲದ ಆವರ್ತಕ್ಕೆ ಕಟ್ಟುಬಿದ್ದು ತಿರುಗುವ ಸಿಂಕ್ರೊನಸ್ ಮೋಟಾರು ಬಂದ ಮೇಲೆ ವೇಗಕ್ಕೆ ಒಂದು ನೆಲೆ ಸಿಕ್ಕಿತು. ಅಮೆರಿಕದಲ್ಲಿ ಸೆಕೆಂಡಿಗೆ ೬೦ ಆವರ್ತ. ಅಲ್ಲಿ ನಾಲ್ಕು ಧ್ರುವಗಳ ಮೋಟಾರು ನಿಮಿಷಕ್ಕೆ ೧,೮೦೦ ಸುತ್ತು ತಿರುಗುತ್ತದೆ. ಅದನ್ನು ೩೩⅓ಕ್ಕೆ ಇಳಿಸಬೇಕಾದರೆ ೫೪ ಪಾಲು ತಗ್ಗಿಸಬೇಕು. ನ್ಯೂಯಾರ್ಕಿನ ಪ್ರೆಸ್ಟೊ ಸಂಸ್ಥೆಯವರು ಪೀಠದ ಅಂಚಿಗೆ ರಬ್ಬರಿನ ಗಾಲಿಯೊಂದನ್ನು ಒತ್ತಿ ಈ ಕೆಲಸ ಮಾಡಿಸಿದರು. ಬರ್ಲಿನ್ನಿನ ನಾಯ್ಮನ್ ಸಂಸ್ಥೆಯವರು ಮುಂದೆ ಡೆನ್ಮಾರ್ಕಿನ ಲೈರೆಕ್ ಮೋಟಾರನ್ನು, ಎಣ್ಣೆ ತುಂಬಿದ ಜೋಡಣೆಯೊಂದನ್ನು ನಡುವೆ ಇಟ್ಟು, ಪೀಠದ ಅಚ್ಚಿಗೇ ಸೇರಿಸಿದರು. ಜಪಾನಿನ ಟೆಕ್ನಿಕ್ಸ್ ೧೯೭೦ರಲ್ಲಿ ನೇರಚಾಲನೆಯ ಪೀಠವನ್ನು ಮಾರುಕಟ್ಟೆಗೆ ತಂದ ಮೇಲೆ ಅದೇ ಬಗೆಯ ಬಲಿಷ್ಠ ಮೋಟಾರುಗಳು ಲೇತುಗಳಿಗೂ ಬಂದವು.

ನನ್ನ ವಿದ್ಯಾರ್ಥಿಯದು ರಬ್ಬರ್ ಗಾಲಿಯ ಯಂತ್ರ. ನನ್ನ ಕಾಗದ ತಲುಪಿದೊಡನೆ ಅವನು ಮೋಟಾರು ಬದಲಾಯಿಸುವೆನೆಂದು ಹೊರಟ. ನಾನು ತಡೆದೆ. ತಿದ್ದುವ ಮೊದಲು ತಪ್ಪು ಯಾರದೆಂದು ತಿಳಿಯಬೇಕು. ಒಬ್ಬೊಬ್ಬ ಲಿಪಿಕಾರನಿಗೂ ಅವನದೇ ಆದ ತಪ್ಪಿನ ಚಾಳಿಯಿರುತ್ತದೆ ಎಂದು ನಿನಗೇ ತರಗತಿಯಲ್ಲಿ ಹೇಳಿರಲಿಲ್ಲವೆ ಎಂದು ಬರೆದೆ. ಅವನು ನಕ್ಕಿರಬೇಕು. ಆದರೆ ಮಾಡಿದ್ದು ಅದನ್ನೇ. ಸೆಕೆಂಡಿಗೆ ೩,೧೫೦ ಕಂಪನಗಳ ಒಂದೇ ಸ್ವರವನ್ನು ಕೊರೆದು, ಬೇರೊಂದು ಒಳ್ಳೆಯ ಯಂತ್ರದಲ್ಲಿ ನುಡಿಸಿ, ಸ್ವರದ ಓಲಾಟವನ್ನು ಅಳೆದ.

ಒಂದು ಓಲಾಟ ಸರಿಯಾಗಿ ೧.೮ ಸೆಕೆಂಡಿಗೊಮ್ಮೆ ಬರುತ್ತಿತ್ತು. ಅದು ತಟ್ಟೆಯ ಒಂದು ಸುತ್ತಿನ ಕಾಲ. ನಡುವಿನ ರಂಧ್ರ ತುಸು ಓರೆಯಾಗಿತ್ತು. ತಟ್ಟೆಯನ್ನು ಕೇಂದ್ರಕ್ಕೆ ಸರಿಸಿದೊಡನೆ ಅದು ಮಾಯವಾಯಿತು. ಅದರಲ್ಲಿ ಮೋಟಾರಿನ ತಪ್ಪೇನೂ ಇರಲಿಲ್ಲ. ಎರಡನೆಯದು ಸೆಕೆಂಡಿಗೆ ಕೆಲವು ಸಲ ಬರುತ್ತಿದ್ದ ಸಣ್ಣ ಕುಲುಕು. ಗಾಲಿಯನ್ನು ವರ್ಷಾನುಗಟ್ಟಲೆ ಒತ್ತಿಟ್ಟೇ ಬಿಟ್ಟಿದ್ದರಿಂದ ರಬ್ಬರಿನಲ್ಲಿ ಬಿದ್ದ ತಗ್ಗು ಅದಕ್ಕೆ ಕಾರಣ. ಮೂರನೆಯದು ಸೆಕೆಂಡಿಗೆ ೩೦ರಂತೆ ಗುರುಗುಟ್ಟುವ ತಗ್ಗುದನಿ: ೧,೮೦೦ ಸುತ್ತಿನ ಮೋಟಾರಿನ ಸ್ವಂತ ನಡುಕ. ನಾಲ್ಕನೆಯದಕ್ಕೆ ಕಾಲನಿಯಮವೇ ಇರಲಿಲ್ಲ. ನಾದ ಜೋರಾದಾಗ ಮೊನೆಯ ಎಳೆತ ಹೆಚ್ಚಿ, ಗಟ್ಟಿಯಾಗಿ ನುಣುಪೇರಿದ ಗಾಲಿ ಜಾರುತ್ತಿತ್ತು. ಅಮ್ಮನ ತಾರಸ್ಥಾಯಿಯನ್ನು ಕೆಡಿಸಿದ್ದು ಇದು.

ಐದನೆಯದೊಂದನ್ನು ಅವನ ಗಣಕಯಂತ್ರ ತೋರಿಸಿತು: ಹಾಡಿನ ಕೆಲವೆಡೆ ಸ್ವರ ಬೇಕೆಂದೇ ಅಲುಗುತ್ತಿದೆ, ತಿದ್ದಲೇ? ಎಂದು ಕೇಳಿ ಬರೆದ. ಆ ಜಾಗಗಳನ್ನು ನಾನು ಕ್ಯಾಸೆಟ್ಟಿನಲ್ಲಿ ಕೇಳಿದೆ. ಕಂಪಿತ ಗಮಕ! ಅಮ್ಮ ವರ್ಷಗಟ್ಟಲೆ ಸಾಧಿಸಿ ಪಡೆದದ್ದು. ಅದು ಪಾಠ, ಪಾಠದೋಷವಲ್ಲ. ಮುಟ್ಟಬೇಡ, ತಂಬೂರಿಯೊಂದನ್ನೇ ಸಾಕ್ಷಿಯಾಗಿ ಇಟ್ಟುಕೋ ಎಂದು ತಿಳಿಸಿದೆ. ಭಾಷೆ ಬಾರದವನು ಗ್ರಂಥ ತಿದ್ದಿದರೆ ಕವಿಯ ಪ್ರಯೋಗವೇ ಮೊದಲು ಹಾಳಾಗುವುದು.

ಹಳೆಯ ಮೋಟಾರನ್ನೂ ಗಾಲಿಯನ್ನೂ ಅವನು ಒಂದು ಪೆಟ್ಟಿಗೆಯಲ್ಲಿ ಜೋಪಾನವಾಗಿ ಇಟ್ಟ. ಮೂಲಪ್ರತಿಯನ್ನು ಎಸೆಯುವುದು ತರವಲ್ಲ. ಹೊಸದಾಗಿ ಕುಂಚವಿಲ್ಲದ ಮೋಟಾರೊಂದನ್ನು ಪೀಠದ ಅಚ್ಚಿಗೆ ನೇರವಾಗಿ ಜೋಡಿಸಿ, ಅದರ ವೇಗವನ್ನು ಕ್ಷಣಕ್ಷಣವೂ ಅಳೆದು ತಿದ್ದುವ ವಿದ್ಯುನ್ಮಂಡಲವನ್ನು ಅಳವಡಿಸಿದ. ಜಾರುವಿಕೆ ನಿಂತಿತು, ಗುರುಗುಟ್ಟುವಿಕೆಯೂ ಅಡಗಿತು. ಆದರೆ ನಾದದಲ್ಲಿ ಮರಳು ಬೆರೆತಂಥ ಹೊಸದೊಂದು ಒರಟುತನ ಸೇರಿಕೊಂಡಿತು. ಕಾರಣ ಕೇಳಿದರೆ ಆಶ್ಚರ್ಯವಾಗುತ್ತದೆ. ತಿದ್ದುವ ಮಂಡಲ ಅತಿ ಚುರುಕಾಗಿತ್ತು. ಕೂದಲೆಳೆಯಷ್ಟು ವ್ಯತ್ಯಾಸ ಕಂಡರೂ ಅದು ಪೀಠವನ್ನು ಹಿಡಿದೆಳೆಯುತ್ತಿತ್ತು. ಗುರಿ ಮೀರಿದರೆ ಹಿಂದಕ್ಕೆ ದಬ್ಬುತ್ತಿತ್ತು. ತಪ್ಪಿಗಿಂತ ತಿದ್ದುಪಡಿಯ ಗದ್ದಲವೇ ಹೆಚ್ಚಾಗಿತ್ತು. ಕೊನೆಗೆ ಅವನು ಆ ಚುರುಕನ್ನು ತಗ್ಗಿಸಿ, ಪೀಠಕ್ಕೆ ಇನ್ನಷ್ಟು ಭಾರ ಕೂಡಿಸಿದ. ಸಣ್ಣ ಏರಿಳಿತಗಳನ್ನು ಭಾರವೇ ನುಂಗಿಕೊಂಡಿತು. ದೊಡ್ಡದನ್ನು ಮಾತ್ರ ಮಂಡಲ ನೋಡಿಕೊಂಡಿತು. ಈ ಭಾಗವನ್ನು ಓದುವಾಗ ವಿದ್ಯಾರ್ಥಿಗಳ ಪ್ರಬಂಧಗಳ ಮೇಲೆ ಓಡುವ ನನ್ನ ಕೆಂಪು ಶಾಯಿ ನೆನಪಾಗದೆ ಇರಲಿಲ್ಲ.

ಎರಡನೆಯ ತಟ್ಟೆ ಬಂದಿದೆ. ಕ್ಯಾಸೆಟ್ಟಿನ ಸಣ್ಣ ನಡುಕ ಅದರಲ್ಲಿ ಇನ್ನೂ ಇದೆ. ಅದು ೧೯೮೮ರ ಲಿಪಿಕಾರನದು, ಅದನ್ನು ಹಾಗೆಯೇ ಬಿಡಲು ಹೇಳಿದ್ದೆ. ಪಲ್ಲವಿಗೆ ಮುಂಚೆ ಅಮ್ಮ ಒಮ್ಮೆ ಕೆಮ್ಮುತ್ತಾರೆ, ಅದೂ ಇದೆ. ತಂಬೂರಿ ಗೋಡೆಯಂತೆ ನಿಂತಿದೆ. ಅದಕ್ಕೆ ಒರಗಿ ಅಮ್ಮನ ದನಿ ತಾರಸ್ಥಾಯಿಗೆ ಏರಿ, ಅಲ್ಲಿ ಅಲುಗಬೇಕಾದಷ್ಟೇ ಅಲುಗಿ, ಇಳಿಯುತ್ತದೆ. ಮೊದಲ ಸಲ ಅಪಶ್ರುತಿಯೆಂದ ಹುಡುಗಿ ಈ ಸಲ ಏನೂ ಹೇಳಲಿಲ್ಲ. ಹಾಡು ಮುಗಿದ ಮೇಲೆ ಮೂಲೆಯಲ್ಲಿದ್ದ ಅಜ್ಜಿಯ ತಂಬೂರಿಯ ಗವಸು ಬಿಚ್ಚಿ, ತಂತಿಗಳಲ್ಲಿ ಎಷ್ಟು ಸರಿಯಾಗಿವೆಯೆಂದು ನೋಡತೊಡಗಿದಳು.